ತೋಡಬಾರದು

ನಮ್ಮ ಅಡುಗೆಮನೆಯ ಮೂರನೆಯ ಡ್ರಾಯರಿನಲ್ಲಿ, ರಬ್ಬರ್ ಬ್ಯಾಂಡುಗಳು, ಮೊಂಡಾದ ಒಂದು ಚಾಕು, ಯಾವ ಕುಕ್ಕರಿಗೂ ಹೊಂದದ ಒಂದು ಗ್ಯಾಸ್ಕೆಟ್, ಇವುಗಳ ನಡುವೆ ನಾಲ್ಕು ಮಡಿಕೆಯಾಗಿ ಮಲಗಿರುವ ತಿಳಿಹಸಿರು ಪ್ಲಾಸ್ಟಿಕ್ ಕವರೊಂದಿದೆ. ಮೊನ್ನೆ ಗ್ಯಾಸ್ಕೆಟ್ ಹುಡುಕುವಾಗ ಅದು ಕೈಗೆ ಬಂತು. ಹುಡುಕುವುದನ್ನು ಬಿಟ್ಟು ನಿಂತಲ್ಲೇ ನಗಲು ಶುರುಮಾಡಿದೆ. ಹಾಲ್‌ನಿಂದ ಇವರು, "ಏನೇ, ಒಬ್ಬಳೇ ನಗ್ತಿದ್ದೀಯ, ಸಾರು ಉಕ್ಕುತ್ತೆ ನೋಡು" ಎಂದರು. ಸಾರು ಉಕ್ಕಿಯೂ ಆಗಿತ್ತು.

ಅದು ನನ್ನ ಹೂವಿನ ಕವರು. ನೀವು ನೋಯ್ಡಾದ ಯಾವ ಅಪಾರ್ಟ್‌ಮೆಂಟಿನಲ್ಲೇ ಇರಿ, ಬೆಳಿಗ್ಗೆ ಆರಕ್ಕೆ ಬಾಲ್ಕನಿಗೆ ಬಂದು ಕೆಳಗೆ ನೋಡಿದರೆ ನನ್ನಂಥವಳೊಬ್ಬಳು ಕಾಣುತ್ತಾಳೆ. ತಲೆಗೆ ಶಾಲು, ಕಾಲಿಗೆ ಚಪ್ಪಲಿ, ಮುಖದಲ್ಲಿ ಡಾಕ್ಟರು ವಾಕಿಂಗ್ ಮಾಡಲು ಹೇಳಿದ್ದಾರೆಂಬ ಗಂಭೀರ ಭಾವ. ನಡಿಗೆ ಮಾತ್ರ ಯಾವಾಗಲೂ ದಾಸವಾಳದ ಗಿಡದ ಹತ್ತಿರವೇ ನಿಧಾನವಾಗುತ್ತದೆ. ಮಾಲಿ ಭಯ್ಯಾ ಆ ಕಡೆ ತಿರುಗಿದ ಕೂಡಲೇ ಕೈ ಒಂದು ಸಲ ಮುಂದೆ ಹೋಗಿ ಹಿಂದೆ ಬರುತ್ತದೆ. ನೀವೂ ಅಂಥವರೇ ಆಗಿದ್ದರೆ ನಾಚಿಕೊಳ್ಳಬೇಡಿ. ದೇವರಿಗೇ ಗೊತ್ತಿರುವಾಗ ನನ್ನ ಮುಂದೆ ನಾಚಿಕೆ ಯಾಕೆ?

ಈ ವಿದ್ಯೆ ನನಗೆ ಅಜ್ಜಿಯಿಂದ ಬಂದದ್ದು. ಮಧುಗಿರಿಯಲ್ಲಿ ನಮ್ಮ ಮನೆಯ ಸಾಲಿನಲ್ಲಿ ಪೋಸ್ಟ್‌ಮಾಸ್ಟರ ಮನೆಯ ಕಾಂಪೌಂಡಿನ ತುಂಬ ಕಣಗಿಲೆ, ನಂದಬಟ್ಟಲು. ಬೆಳಕು ಹರಿಯುವ ಮೊದಲೇ ಅಜ್ಜಿ ನನ್ನನ್ನು ಎಬ್ಬಿಸಿ, ಬುಟ್ಟಿ ಕೈಗೆ ಕೊಟ್ಟು ಕಳಿಸುತ್ತಿದ್ದರು. "ಅಜ್ಜಿ, ಇದು ಕಳ್ಳತನ ಅಲ್ವಾ?" ಎಂದು ಒಮ್ಮೆ ಕೇಳಿದ್ದೆ. "ಥೂ, ದೇವರ ಗಿಡದಿಂದ ದೇವರ ಮನೆಗೆ. ಅದು ಕಳ್ಳತನ ಅಲ್ಲ ಕಣೇ, ಸಾಗಾಣಿಕೆ" ಎಂದರು. ಆಮೇಲೆ ಪೂಜೆ ಮುಗಿಸಿ ಅದೇ ಹೂವಿನಲ್ಲಿ ನಾಲ್ಕನ್ನು ಪೋಸ್ಟ್‌ಮಾಸ್ಟರ ಹೆಂಡತಿಗೆ ಪ್ರಸಾದವೆಂದು ಕಳಿಸುವುದು. ಆಯಮ್ಮ ಕಣ್ಣಿಗೊತ್ತಿಕೊಂಡು ಮುಡಿದುಕೊಳ್ಳುತ್ತಿದ್ದರು. ಕೀಳುವ ಮೊದಲು ಗಿಡವನ್ನು "ದೇವರಿಗೆ ತಾಯೀ" ಎಂದು ಕೇಳಬೇಕು ಎನ್ನುವುದೊಂದೇ ಅಜ್ಜಿಯ ಕಾನೂನು. ಗಿಡ ಬೇಡವೆಂದದ್ದು ನನಗೆ ನೆನಪಿಲ್ಲ.

ಮದುವೆಯಾಗಿ ದೆಹಲಿಗೆ ಬಂದೆ. ಇವರಿಗೆ ಸರ್ಕಾರಿ ಕಛೇರಿಯಲ್ಲಿ ಕ್ಲಾರ್ಕ್ ಕೆಲಸ, ಕರೋಲ್ ಬಾಗಿನಲ್ಲಿ ಒಂದು ಕೋಣೆಯ ಮನೆ, ಎದುರಿಗೆ ಪಾರ್ಕು. ಬಂದ ಮೂರನೆಯ ದಿನ ಪಾರ್ಕಿನ ಬೋರ್ಡನ್ನು ಕೂಡಿಸಿ ಕೂಡಿಸಿ ಓದಿದೆ: "ಫೂಲ್ ತೋಡ್‌ನಾ ಮನಾ ಹೈ." ಹೈಸ್ಕೂಲಿನ ಹಿಂದಿಯಲ್ಲಿ ಫೂಲ್ ಗೊತ್ತಿತ್ತು, ಮನಾ ಗೊತ್ತಿತ್ತು. ತೋಡುವುದು ನಮಗೆ ಗೊತ್ತಿಲ್ಲದ್ದೇ? ಬಾವಿ ತೋಡುತ್ತಾರೆ, ಗುಂಡಿ ತೋಡುತ್ತಾರೆ. ಅಂದರೆ ಹೂಗಿಡವನ್ನು ಬುಡ ತೋಡಿ ಒಯ್ಯಬಾರದು, ನ್ಯಾಯವಾದ ಮಾತು ಎಂದುಕೊಂಡು ನಿಶ್ಚಿಂತೆಯಾಗಿ ಸೆರಗು ತುಂಬ ಚೆಂಡುಹೂವು ಕಿತ್ತೆ. ಮಾಲಿ ಓಡಿಬಂದು ಬೋರ್ಡು ತೋರಿಸಿ ಕೂಗಾಡಿದ. ನಾನು ಎರಡೂ ಅಂಗೈ ಚಾಚಿ, "ತೋಡಾ ನಹೀಂ ಭಯ್ಯಾ, ದೇಖೋ, ಮಿಟ್ಟೀ ನಹೀಂ" ಎಂದೆ. ಆತ ಮಣ್ಣಿಲ್ಲದ ನನ್ನ ಕೈ ನೋಡಿದ, ಹೂ ತುಂಬಿದ ಸೆರಗು ನೋಡಿದ, ಆಮೇಲೆ ಆಕಾಶ ನೋಡಿದ. ಹಿಂದಿಯಲ್ಲಿ ತೋಡ್‌ನಾ ಎಂದರೆ ಕೀಳುವುದು, ಮುರಿಯುವುದು ಎಂದು ಸಂಜೆ ಇವರು ಹೇಳಿಕೊಟ್ಟರು. ನಗು ನಿಲ್ಲಿಸಲು ಅವರಿಗೆ ಎರಡು ಲೋಟ ನೀರು ಬೇಕಾಯಿತು. ಆ ಪದವನ್ನು ನಾನು ಮತ್ತೆಂದೂ ಮರೆಯಲಿಲ್ಲ. ಮರೆಯದಿದ್ದರೂ ಎಡವಬಹುದು ಎನ್ನುವುದೇ ನಾನು ಹೇಳಹೊರಟ ಕಥೆ.

ನಮ್ಮ ಮಗಳು ಮೇಧಾ ಹುಟ್ಟಿದ್ದು, ಓದಿದ್ದು, ಈಗ ಕೆಲಸ ಮಾಡುವುದು ಎಲ್ಲ ಇಲ್ಲೇ. ಆದರೂ ಮನೆಯಲ್ಲಿ ಕನ್ನಡವೇ ಆಡುತ್ತಾಳೆ ಎಂದು ನಾನು ಸಿಕ್ಕಸಿಕ್ಕವರ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದೆ. ಎಂಥ ಕನ್ನಡ ಎಂದು ಅವರು ಕೇಳದಿದ್ದದ್ದು ದೇವರ ದಯೆ. "ಅಮ್ಮಾ, ಬಟ್ಟೆ ಎಲ್ಲಾ ಬಾಲ್ಕನಿಯಲ್ಲಿ ಸುಖಾಯಿಸಿದ್ದೀನಿ" ಎನ್ನುತ್ತಾಳೆ. ಒಣಗಿಸಿದ್ದೀನಿ ಎನ್ನುವುದಕ್ಕೆ ಹಿಂದಿಯ ಸುಖಾನಾಗೆ ಕನ್ನಡದ ಬಾಲ ಅಂಟಿಸಿದ್ದು. "ಬಟ್ಟೆಗಾದರೂ ಸುಖ ಸಿಕ್ಕಿತಲ್ಲ" ಎಂದು ನಾನೂ ಇವರೂ ನಗುತ್ತಿದ್ದೆವೇ ಹೊರತು ತಿದ್ದಲಿಲ್ಲ. ಮಕ್ಕಳ ತಪ್ಪು ಚೆಂದವಾಗಿದ್ದರೆ ತಿದ್ದಲು ಮನಸ್ಸು ಬರುವುದಿಲ್ಲ. ಅದರ ಫಲ ಉಣ್ಣಬೇಕಾಯಿತು.

ಈ ಮಗಳಿಗೆ ಬೆಟ್ಟದ ಹುಚ್ಚು. ವಾರವಿಡೀ ಕಂಪ್ಯೂಟರಿನ ಮುಂದೆ ಕೂತು, ಭಾನುವಾರ ಬಂತೆಂದರೆ ಗುರುಗ್ರಾಮದಿಂದ ಫರೀದಾಬಾದಿಗೆ ಹೋಗುವ ದಾರಿಯ ಅರಾವಳಿ ಗುಡ್ಡಗಳಲ್ಲಿ ಇರುತ್ತಾಳೆ. ಅಲ್ಲೊಂದು ಊರಿನ ಹಿಂದೆ, ಕಲ್ಲಿನ ಕೊರಕಲಿನೊಳಗೆ ಇಳಿದು ಹತ್ತಿದರೆ, ಬಂಡೆಯ ಗೋಡೆಯಲ್ಲಿ ಆದಿಕಾಲದ ಮನುಷ್ಯರು ವಾಸವಾಗಿದ್ದ ಗವಿಗಳಿವೆಯಂತೆ. ಗೋಡೆಯ ಮೇಲೆ ಅವರು ಬರೆದ ಚಿತ್ರಗಳಿವೆಯಂತೆ. ಹಿಂದೆ ಯಾರೋ ಪಿಕ್ನಿಕ್ಕಿಗೆ ಬಂದು ಬಾಟಲಿ ಎಸೆದು, ಕೊಂಬೆ ಮುರಿದು ಬೆಂಕಿ ಹಾಕಿದ್ದರಿಂದ ಊರಿನವರು ಹೊರಗಿನವರನ್ನು ಬಿಡುತ್ತಿರಲಿಲ್ಲ. ಇವಳು ಐದು ಭಾನುವಾರ ಹೋಗಿ, ಹಿರಿಯರ ಜೊತೆ ಮಜ್ಜಿಗೆ ಕುಡಿದು, ಮಾತು ಕೊಟ್ಟು ಒಪ್ಪಿಸಿದ್ದಳು. ಜನರನ್ನು ಕರೆದುಕೊಂಡು ಹೋಗಿ, ಆ ಗವಿಗಳನ್ನು ತೋರಿಸಿ, ಕಾಪಾಡಿಕೊಳ್ಳಬೇಕು ಎನ್ನುವುದು ಅವಳ ಆಸೆ. ಅದಕ್ಕಾಗಿ ಅವಳ ಕಣ್ಣಲ್ಲಿ ಬರುತ್ತಿದ್ದ ಬೆಳಕು ಪರೀಕ್ಷೆಯಲ್ಲಿ ಫಸ್ಟ್ ಬಂದಾಗಲೂ ಬಂದಿರಲಿಲ್ಲ.

"ಮೊದಲನೇ ಗ್ರೂಪು ನಮ್ಮ ಸೊಸೈಟಿಯ ಅಮ್ಮಂದಿರದು" ಎಂದಳು ಒಂದು ಶನಿವಾರ, ನಾನು ಪುಳಿಯೋಗರೆಗೆ ಗೊಜ್ಜು ಕುದಿಸುತ್ತಿದ್ದಾಗ. "ಅಮ್ಮಂದಿರು ಡಿಸಿಪ್ಲಿನ್ ಇರ್ತಾರೆ ಅಂತ ನಾನೇ ಹೇಳಿಬಂದಿದ್ದೀನಿ. ಅಮ್ಮಾ, ಪ್ಲೀಸ್, ಕೇಳ್ತಿದ್ದೀಯಾ? ಅಲ್ಲಿ ಏನೂ ತೋಡಬಾರದು. ಏನೂ ಅಂದ್ರೆ ಏನೂ. ಒಂದು ತೋಡಿದರೂ ಊರಿನವರು ಎಲ್ಲಾ ಬಂದ್ ಮಾಡ್ತಾರೆ. ನಾನು ವಚನ ಕೊಟ್ಟಿದ್ದೀನಿ."

"ನಾನ್ಯಾಕೆ ತೋಡಲಿ? ಗುದ್ದಲಿ ಹೊತ್ಕೊಂಡು ಬರ್ತೀನಾ?" ಎಂದೆ.

ಗುದ್ದಲಿ ಎಂದರೆ ಅವಳಿಗೆ ತಿಳಿಯದು. ಅಮ್ಮ ಏನೋ ಜೋಕು ಮಾಡಿದಳೆಂದು ನಕ್ಕು ಹೋದಳು. ನನಗೋ ಮಾತು ಸರಿಯಾಗಿಯೇ ಕೇಳಿಸಿತ್ತು. ಪುರಾತನ ಜಾಗ, ನೆಲದಡಿ ಮಡಕೆ ಚೂರು, ಮೂಳೆ ಇರುತ್ತವೆ, ತೋಡಬಾರದು. ಉಳಿದ ಹೆಂಗಸರಿಗೆ ಇದನ್ನೇ ಹಿಂದಿಯಲ್ಲಿ ವಾಟ್ಸಪ್ಪಿನಲ್ಲಿ ಬರೆದಿದ್ದಳಂತೆ. ಗುಡ್ ಮಾರ್ನಿಂಗ್ ಗುಲಾಬಿಗಳ ಕಾಟಕ್ಕೆ ಆ ಗ್ರೂಪನ್ನು ನಾನು ತೆರೆಯುವುದೇ ಇಲ್ಲ. ಹಿಂದಿಯಲ್ಲಿ ಹೇಳಿದ್ದರೆ ನನಗೆ ಅರ್ಥವಾಗುತ್ತಿತ್ತು. ಕನ್ನಡದಲ್ಲಿ ಹೇಳಿದಳು, ಕೆಟ್ಟೆ.

ಭಾನುವಾರ ಹೊರಡುವಾಗ ಶೂ ಗಲಾಟೆ. ಮಗಳು ತಂದ ಶೂಗೆ ನನ್ನ ಕಾಲುಂಗುರ ಒತ್ತುತ್ತಿತ್ತು.

"ಒಂದು ದಿನಕ್ಕೆ ತೆಗೆದಿಡು ಅಮ್ಮಾ."

"ನಿಮ್ಮಪ್ಪ ಎದುರಿಗೇ ಕೂತಿದ್ದಾರೆ, ಗಟ್ಟಿಮುಟ್ಟಾಗಿ. ಅವರ ಮುಂದೆ ತೆಗೀಲಾ?"

"ನಾನು ಕಣ್ಣು ಮುಚ್ಕೋತೀನಿ, ತೆಗೆದುಬಿಡೇ" ಎಂದರು ಇವರು, ಪೇಪರಿನ ಹಿಂದಿನಿಂದ. ಕೊನೆಗೆ ಬೆರಳಿಗೆ ಹತ್ತಿ ಸುತ್ತಿಕೊಂಡು ಹೊರಟೆ. ಬ್ಯಾಗಿನಲ್ಲಿ ಪುಳಿಯೋಗರೆ ಡಬ್ಬ, ನೀರು, ಮಂಡಿಗೆ ಹಚ್ಚುವ ಮುಲಾಮು. ಜೊತೆಗೆ, ಕೈ ತಾನಾಗಿಯೇ ಡ್ರಾಯರಿಗೆ ಹೋಗಿ, ಹಸಿರು ಕವರು.

ಊರಿನ ಗುಡಿಯ ಹತ್ತಿರ ಕಾರು ನಿಂತಿತು. ಇವರು ಬೇವಿನ ನೆರಳು ನೋಡಿ ಸೀಟು ಹಿಂದಕ್ಕೆ ಒರಗಿಸಿಕೊಂಡು, "ಹೋಗಿಬನ್ನಿ, ನಾನು ಕಾರು ಕಾಯ್ತೀನಿ" ಎಂದರು, ಆ ಊರಿನಲ್ಲಿ ಕಾರು ಕದಿಯಲು ಜನ ಕಾದು ಕೂತಿದ್ದಾರೋ ಎಂಬಂತೆ. ನಾವು ಎಂಟು ಹೆಂಗಸರು. ನಮಗೆ ದಾರಿ ತೋರಿಸಲು ಬಂದವಳು ಎಪ್ಪತ್ತು ದಾಟಿದ ಒಬ್ಬ ಮುದುಕಿ. ಘಾಗ್ರಾ, ತಲೆಯ ಮೇಲೆ ಹಳದಿ ಓಢನಿ, ಕಾಲಿಗೆ ಹವಾಯಿ ಚಪ್ಪಲಿ, ಕೈಯಲ್ಲಿ ಕೋಲು. ಎಲ್ಲರೂ ಅವಳನ್ನು "ತಾಈ, ತಾಈ" ಎನ್ನುತ್ತಿದ್ದರು. ಈ ದೂರದ ಊರಿನಲ್ಲೂ ಮುದುಕಿಯನ್ನು ತಾಯಿ ಎನ್ನುತ್ತಾರಲ್ಲ ಎಂದು ನನ್ನ ಕಣ್ಣು ತೇವವಾಯಿತು. ಅಲ್ಲವಂತೆ, ಅವರಲ್ಲಿ ತಾಈ ಎಂದರೆ ದೊಡ್ಡಮ್ಮ ಎಂದು ಮೇಧಾ ತಿದ್ದಿದಳು. ಇರಲಿ, ದೊಡ್ಡಮ್ಮನೂ ಅಮ್ಮನೇ ಎಂದು ನಾನು ತಾಯಿ ಎಂದೇ ಕರೆದೆ. ಇಬ್ಬರಿಗೂ ಸರಿಹೋಯಿತು.

ದಾರಿ ಎಂದರೆ ದಾರಿಯಲ್ಲ. ಮಳೆಗಾಲದಲ್ಲಿ ಹರಿದು ಈಗ ಒಣಗಿದ ಹಳ್ಳ. ಎರಡೂ ಕಡೆ ಬಂಡೆಯ ಗೋಡೆ, ನಡುವೆ ಯಾರೋ ಲಾರಿಗಟ್ಟಲೆ ಸುರಿದು ಹೋದ ಹಾಗೆ ಕಲ್ಲು. ಕೆಲವು ಕಲ್ಲು ಕಾಲಿಟ್ಟರೆ ಅಲ್ಲಾಡುತ್ತವೆ, ಕೆಲವು ಕಾಲಿಡುವವರೆಗೆ ಸುಮ್ಮನಿದ್ದು ಆಮೇಲೆ ಅಲ್ಲಾಡುತ್ತವೆ. ಮುಳ್ಳಿನ ಕೀಕರ್ ಮರಗಳು ದುಪಟ್ಟಾ ಹಿಡಿದು ಎಳೆದು, ಎಲ್ಲಿಗೆ ಹೊರಟೆ ಎಂದು ಕೇಳುತ್ತಿದ್ದವು. ಪಕ್ಕದ ಫ್ಲ್ಯಾಟಿನ ಸರಳಾಜೀ ಪ್ರತಿ ಹೆಜ್ಜೆಗೂ "ಹಾಯ್ ರಾಮ್" ಎನ್ನುತ್ತಿದ್ದರು. ಆ ದಿನ ಅವರಿಗೆ ಬಂದ ಪುಣ್ಯ ಒಂದು ಕಾಶಿಯಾತ್ರೆಗೆ ಸಮ. ನನಗೆ ಒಂದು ಅಭ್ಯಾಸವಿದೆ. ಕಷ್ಟ ಬಂದರೆ ಬೆರಳಿನ ಗೆರೆಗಳ ಮೇಲೆ ದೇವರು ಮಾಡಿದ ಚಿಕ್ಕ ಚಿಕ್ಕ ಉಪಕಾರ ಎಣಿಸುತ್ತೇನೆ. ಮೋಡವಿದೆ, ಬಿಸಿಲಿಲ್ಲ, ಒಂದು. ಮಂಡಿ ಇನ್ನೂ ಮಾತಾಡಿಲ್ಲ, ಎರಡು. ಜಾರಿದ್ದು ಕೂತ ಹಾಗೆ, ಬಿದ್ದ ಹಾಗಲ್ಲ, ಮೂರು. ಸೊಂಟದೆತ್ತರದ ಒಂದು ಬಂಡೆಯ ಮುಂದೆ ಎಣಿಕೆ ನಿಂತುಹೋಯಿತು.

ಮಧುಗಿರಿಯಲ್ಲಿ ಹುಟ್ಟಿದವಳು ನಾನು. ಮನೆಯ ಬಾಗಿಲು ತೆರೆದರೆ ಎದುರಿಗೆ ಆಕಾಶಕ್ಕೆ ಗೋಡೆ ಕಟ್ಟಿದಂಥ ಏಕಶಿಲೆಯ ಬೆಟ್ಟ. ಮದುವೆಯಾಗುವವರೆಗೆ ದಿನಾ ನೋಡಿದೆ, ಒಂದು ದಿನ ಹತ್ತಲಿಲ್ಲ. ಅಣ್ಣ ತಮ್ಮ ಹತ್ತುತ್ತಿದ್ದರು. ನಿನಗೆ ಅಲ್ಲೇನಿದೆ ಎನ್ನುತ್ತಿದ್ದರು ಮನೆಯವರು, ನಾನೂ ಅಲ್ಲೇನಿದೆ ಎಂದುಕೊಂಡೆ. ಈಗ ಐವತ್ನಾಲ್ಕನೆಯ ವಯಸ್ಸಿನಲ್ಲಿ, ಸೊಂಟದೆತ್ತರದ ಕಲ್ಲಿನ ಮುಂದೆ, ಸಾವಿರ ಮೈಲಿ ಆಚೆಗಿನ ಆ ಬೆಟ್ಟ ನನ್ನನ್ನು ನೋಡಿ ನಕ್ಕಂತಾಯಿತು. ಮೇಲಿನಿಂದ ತಾಯಿ ಕೈ ಚಾಚಿದಳು. "ಆ ಜಾ, ಬಹನ್." ಆ ಕೈ ಒರಳುಕಲ್ಲಿನಷ್ಟು ಗಟ್ಟಿ. ಎಳೆದಳು, ನಾನು ಮೇಲಿದ್ದೆ. ನಾಲ್ಕು.

ಉಳಿದವರು ಮುಂದೆ ಹೋದರು. ನಾನು ಉಸಿರು ತೆಗೆದುಕೊಳ್ಳಲು ನಿಂತೆ. ತಲೆಯೆತ್ತಿದರೆ, ಎಲೆಯೇ ಇಲ್ಲದ ಕೊಂಬೆಗಳ ತುಂಬ ಕೆಂಡದ ಹಾಗೆ ಹೂ. ಮುತ್ತುಗ! ಮೂವತ್ತು ವರ್ಷವಾಗಿತ್ತು ನೋಡಿ. ಮುತ್ತುಗದ ಎಲೆ ತಂದು, ಜಗುಲಿಯ ಮೇಲೆ ಅಜ್ಜಿಯ ಎದುರು ಕೂತು, ಸಣ್ಣ ಕಡ್ಡಿ ಚುಚ್ಚಿ ಚುಚ್ಚಿ ಊಟದೆಲೆ ಹಚ್ಚುತ್ತಿದ್ದೆವು. ನಾನು ಹಚ್ಚಿದ ಎಲೆಯಲ್ಲಿ ಸಾರು ನಿಲ್ಲುತ್ತಿರಲಿಲ್ಲ. "ನಿನ್ನ ಎಲೆ ಶತ್ರುಗಳಿಗೆ ಹಾಕೋದಕ್ಕೆ ಲಾಯಕ್ಕು" ಎನ್ನುತ್ತಿದ್ದರು ಅಜ್ಜಿ. ಆ ಎಲೆಯ ಮೇಲೆ ಬಿಸಿ ಅನ್ನ ಬಿದ್ದಾಗ ಏಳುತ್ತಿದ್ದ ಹಸಿರು ವಾಸನೆ ಈಗ ಆ ಕೊರಕಲಿನಲ್ಲಿ ನಿಜವಾಗಿ ಮೂಗಿಗೆ ಬಂತು. ಮಾರನೆಯ ದಿನ ಸೋಮವಾರ. ಶಿವನಿಗೆ ಮುತ್ತುಗದ ಹೂ! ಕೆಳಗಿನ ಕೊಂಬೆ ಕೈಗೆಟಕುವಂತೆ ಬಾಗಿತ್ತು. ಅಜ್ಜಿಯ ಕಾನೂನಿನಂತೆ "ದೇವರಿಗೆ ತಾಯೀ" ಎಂದೆ. ಪಟ್ ಎಂದು ಒಂದು ಗೊಂಚಲು ಕೈಗೆ ಬಂತು. ಕವರಿಗೆ ಹಾಕಿ, ಬ್ಯಾಗಿಗಿಟ್ಟು, ಐದು ಎಂದು ಎಣಿಸಿಕೊಂಡು ನಡೆದೆ.

ಗವಿ ಎಂದರೆ ಒಳಗೆ ಕತ್ತಲಿರುತ್ತದೆ ಎಂದುಕೊಂಡಿದ್ದೆ. ಇದು ಹಾಗಲ್ಲ. ಬಂಡೆ ಹಾವಿನ ಹೆಡೆಯ ಹಾಗೆ ಮುಂದಕ್ಕೆ ಬಾಗಿ, ಕೆಳಗೆ ನಮ್ಮ ಎರಡು ಫ್ಲ್ಯಾಟಿನಷ್ಟು ಒಣ ಜಾಗ ಬಿಟ್ಟಿತ್ತು. ಎದುರಿಗೆ ಇಡೀ ಕಣಿವೆ. ದೂರದಲ್ಲಿ ಹೊಗೆಯ ಹಾಗೆ ಗುರುಗ್ರಾಮದ ಗೋಪುರಗಳು. ಗೋಡೆಯ ಮೇಲೆ ಮಾಸಿದ ಕೆಂಪು ಬಣ್ಣದಲ್ಲಿ ಕೈಕೈ ಹಿಡಿದ ಪುಟ್ಟ ಮನುಷ್ಯರು, ಕೊಂಬಿನ ಒಂದು ಪ್ರಾಣಿ. ಮೇಧಾ ಮೆಲ್ಲಗೆ, ದೇವರ ಮನೆಯಲ್ಲಿ ಮಾತಾಡುವಂತೆ, ವಿವರಿಸುತ್ತಿದ್ದಳು. ನೆಲದ ಬಂಡೆಯಲ್ಲಿ ಕೊರೆದ ಕುಳಿಗಳನ್ನು ತೋರಿಸಿ, "ಇದು ಯಾತಕ್ಕೆ ಅಂತ ಯಾರಿಗೂ ಪಕ್ಕಾ ಗೊತ್ತಿಲ್ಲ. ಏನೋ ಪೂಜೆಗೆ ಇರಬಹುದು ಅಂತಾರೆ" ಎಂದಳು.

ನಾನು ಕೂತು ಒಂದರೊಳಗೆ ಮುಷ್ಟಿ ಇಟ್ಟೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. "ಇದು ಒರಳು ಕಣೇ" ಎಂದೆ.

"ಓಖಲೀ ಹೈ" ಎಂದಳು ತಾಯಿ ಅದೇ ಗಳಿಗೆಯಲ್ಲಿ. ಅಂದರೆ ಒರಳೇ. ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ದೊಡ್ಡವರು ಏನಾದರೂ ಬರೆಯಲಿ, ಅದು ಅಡುಗೆಮನೆ ಎಂದು ನಮಗೆ ಗೊತ್ತಾಯಿತು. ಯಾವಳೋ ಒಬ್ಬಳು ಇಲ್ಲಿ ಕೂತು ಕಾಳು ಕುಟ್ಟಿದ್ದಾಳೆ. ಕುಟ್ಟುತ್ತ ಕಣಿವೆ ನೋಡಿದ್ದಾಳೆ. ಇನ್ನೂ ಮನೆಗೆ ಬಂದಿಲ್ಲವಲ್ಲ ಎಂದು ಯಾರ ದಾರಿಯನ್ನೋ ಕಾದಿದ್ದಾಳೆ. ಅವಳಿಗೂ ಬೆರಳಿತ್ತು, ಬೆರಳಿನ ಮೇಲೆ ಗೆರೆಯಿತ್ತು. ಇವತ್ತು ಬೆಂಕಿ ಆರಲಿಲ್ಲ, ಒಂದು ಎಂದುಕೊಂಡಿರಬಹುದು.

ಊಟಕ್ಕೆ ಕೂತೆವು. ತಾಯಿ ನನ್ನ ಪುಳಿಯೋಗರೆ ಬಾಯಿಗಿಟ್ಟು, ಒಂದು ಕಣ್ಣು ಮುಚ್ಚಿ, ಹುಳಿ ಅನ್ನವೇ ಎಂದು ಆಶ್ಚರ್ಯಪಟ್ಟು, ಇನ್ನಷ್ಟು ಹಾಕಿಸಿಕೊಂಡಳು. ಆಮೇಲೆ ಕೈ ತೊಳೆದು ಎಲ್ಲರಿಗೂ ಕೇಳುವಂತೆ ಹೇಳಿದಳು. ಇದು ನಮ್ಮ ಭೋಲೇ ಬಾಬಾನ ಬನೀ. ಇಲ್ಲಿ ಒಣಗಿದ ಪುಳ್ಳೆಯನ್ನೂ ನಾವು ಒಲೆಗೆ ಒಯ್ಯುವುದಿಲ್ಲ. ನಮ್ಮ ಗಂಡಸರಿಗೆ ನಿಮ್ಮನ್ನು ಬಿಡುವ ಮನಸ್ಸಿರಲಿಲ್ಲ. ಈ ಹುಡುಗಿ ನನ್ನ ಕೈ ಹಿಡಿದು ಮಾತು ಕೊಟ್ಟಳು. "ದೇಖೋ, ಏಕ್ ಪತ್ತಾ ತಕ್ ಕಿಸೀ ನೇ ನಹೀಂ ತೋಡಾ!" ಒಂದು ಎಲೆಯನ್ನೂ ಯಾರೂ ತೋಡಲಿಲ್ಲ.

ಬನೀ ಎಂದರೆ ಬನ. ನಮ್ಮ ಕಡೆಯ ನಾಗಬನದಂಥದ್ದು, ದೇವರ ಕಾಡು. ಅದು ಮೊದಲು ತಲೆಗೆ ಹೋಯಿತು. ಅದರ ಹಿಂದೆಯೇ ಆ ಇನ್ನೊಂದು ಪದ ಹೋಯಿತು. ಕರೋಲ್ ಬಾಗಿನ ಮಾಲಿ ಬಂದು ಎದುರಿಗೆ ನಿಂತ.

ಮಗಳ ತೋಳು ಹಿಡಿದು ಪಕ್ಕಕ್ಕೆ ಎಳೆದೆ. "ಮೇಧಾ, ತೋಡಬಾರದು ಅಂದ್ಯಲ್ಲ, ಏನು ಹಾಗಂದ್ರೆ?"

"ತೋಡಬಾರದು ಅಂದ್ರೆ ತೋಡಬಾರದು, ಅಮ್ಮಾ. ಹೂವು, ಎಲೆ, ಕೊಂಬೆ."

"ಅದು ಕೀಳಬಾರದು ಕಣೇ! ತೋಡೋದು ಅಂದ್ರೆ ಮಣ್ಣು ಅಗೆಯೋದು, ಬಾವಿ ತೋಡೋದು!"

"ಖೋದ್‌ನಾ?" ಅವಳ ಕಣ್ಣು ದೊಡ್ಡದಾಯಿತು. ಆಮೇಲೆ ನನ್ನ ಬ್ಯಾಗಿನ ಕಡೆ ಹೋಯಿತು. ಬೆಳಿಗ್ಗೆ ಆರು ಗಂಟೆಯ ನನ್ನ ಚರಿತ್ರೆ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಅಮ್ಮಾ... ಏನು ಮಾಡಿದೀಯ ನೀನು?"

ನಿಜ ಹೇಳುತ್ತೇನೆ, ಒಂದು ಕ್ಷಣ ಮನಸ್ಸಿನಲ್ಲಿ ಎಲ್ಲ ಬಂತು. ಬಂಡೆಯ ಸಂದಿಗೆ ತುರುಕಿಬಿಟ್ಟರೆ? ಹಾಗೇ ಮನೆಗೆ ಒಯ್ದರೆ? ದೇವರಿಗೆ ತಾನೇ, ಸಾಗಾಣಿಕೆ ತಾನೇ? ಆದರೆ ಮಗಳ ಮುಖ ಸುಣ್ಣವಾಗಿತ್ತು. ಐದು ಭಾನುವಾರದ ಮಜ್ಜಿಗೆ, ಕೈ ಹಿಡಿದು ಕೊಟ್ಟ ಮಾತು, ಎಲ್ಲ ನನ್ನ ಬ್ಯಾಗಿನೊಳಗೆ ಬಾಡುತ್ತಿತ್ತು. "ನಾನೇ ಹೇಳ್ತೀನಿ ಅಮ್ಮಾ, ವಚನ ನಂದು" ಎಂದಳು, ತುಟಿ ಕಚ್ಚಿಕೊಂಡು. ಬಟ್ಟೆಗೆ ಸುಖ ಕೊಡುವ ಈ ಮಗು ಯಾವಾಗ ಇಷ್ಟು ದೊಡ್ಡದಾಯಿತೋ ಕಾಣೆ.

"ಕಿತ್ತದ್ದು ನಾನು" ಎಂದೆ. ಹೋಗಿ ತಾಯಿಯ ಮುಂದೆ ಕೂತು, ಕವರು ಬಿಚ್ಚಿ, ಗೊಂಚಲು ನೆಲದ ಮೇಲಿಟ್ಟೆ. ಸರಳಾಜೀಯ ಹಾಯ್ ರಾಮ್ ಕೂಡ ನಿಂತುಹೋಯಿತು.

"ಕ್ಯೋಂ ತೋಡಾ?" ಏಕೆ ಕಿತ್ತೆ ಎಂದಳು ತಾಯಿ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಮೆತ್ತಗೂ ಇರಲಿಲ್ಲ.

ನಾಳೆ ಸೋಮವಾರ, ಭೋಲೇನಾಥನಿಗೆ ಎಂದೆ. ನಮ್ಮ ಭಾಷೆಯಲ್ಲಿ ತೋಡುವುದೆಂದರೆ ನೆಲ ಅಗೆಯುವುದು, ಮಗಳು ಬೇಡವೆಂದದ್ದು ಅಗೆಯುವುದನ್ನು ಎಂದು ತಿಳಿದೆ ಎಂದೂ ಹೇಳಿದೆ. ನನ್ನ ಹಿಂದಿ ಸಾಲದ ಕಡೆ ಮೇಧಾ ಸೇರಿಸಿದಳು. ತಾಯಿ ಎಲ್ಲ ಕೇಳಿ, ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಅಂದರೆ ನಿಮ್ಮೂರಲ್ಲಿ ಹೂವನ್ನು ನೆಲದಿಂದ ಅಗೆದು ತೆಗೀತಾರಾ?" ಎಂದಳು. ಸರಳಾಜೀ ಕಿಸಕ್ಕೆಂದರು. ತಾಯಿ ನಗಲಿಲ್ಲ.

"ಮರ ಭೋಲೇನದು, ಹೂವೂ ಭೋಲೇನದು" ಎಂದಳು. "ಅವನ ಮನೆಯಿಂದಲೇ ಎತ್ತಿಕೊಂಡು ಹೋಗಿ ಅವನಿಗೇ ಕೊಡ್ತೀಯಾ, ಬಹನ್? ಅವನು ನಿನಗೆ ಹೇಳಿದ್ದನಾ, ನನಗೆ ಇಲ್ಲಿ ಚೆನ್ನಾಗಿಲ್ಲ, ನೋಯ್ಡಾಕ್ಕೆ ಕರೆದುಕೊಂಡು ಹೋಗು ಅಂತ?"

ಅಜ್ಜಿಯ ಇಡೀ ಸಾಗಾಣಿಕೆ ಶಾಸ್ತ್ರ ಆ ಒಂದು ಪ್ರಶ್ನೆಗೆ ಕುಸಿದು ಬಿತ್ತು. ಪೋಸ್ಟ್‌ಮಾಸ್ಟರ ಹೆಂಡತಿ ತನ್ನ ಹೂವನ್ನೇ ಕಣ್ಣಿಗೊತ್ತಿಕೊಳ್ಳುತ್ತಿದ್ದದ್ದು ನೆನಪಾಯಿತು. ಅವರಿಗೆ ಗೊತ್ತಿತ್ತೇನೋ. ಗೊತ್ತಿದ್ದೂ ಮುಡಿದುಕೊಂಡರೇನೋ.

"ತಾಈ, ಇನ್ನು ನಾವು ಬರೋ ಹಾಗಿಲ್ವಾ?" ಎಂದು ಮೇಧಾ ಕೇಳಿದಳು. ಅವಳ ದನಿ ಸಣ್ಣಗಾಗಿತ್ತು.

ತಾಯಿ ಕವರನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ತೆಳ್ಳಗಿನ ಪ್ಲಾಸ್ಟಿಕ್ಕು, ಆಚೆ ಇರುವ ಅವಳ ಹಳದಿ ಓಢನಿ ಕಾಣುತ್ತಿತ್ತು. "ಬ್ಯಾಗಿನ ಬಾಯಿಯಿಂದ ಮುತ್ತುಗದ ಹೂ ಇಣುಕುತ್ತಿತ್ತು, ಊಟಕ್ಕೆ ಕೂತಾಗಲೇ ನೋಡಿದೆ" ಎಂದಳು. "ತಾನಾಗಿ ಹೇಳ್ತಾಳೋ ಇಲ್ಲವೋ ಅಂತ ಕಾದೆ. ಹೇಳಿದಳು. ಗಂಡಸರಿಗೆ ನಾನು ಅದನ್ನೇ ಹೇಳ್ತೀನಿ." ಮಗಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. "ಆದರೆ ದಂಡ ಇದೆ."

ಗೊಂಚಲನ್ನು ಅವಳೇ ಎತ್ತಿ ಆ ಹಳೆಯ ಒರಳಿನ ಕುಳಿಯೊಳಗಿಟ್ಟಳು. ಮಸುಕು ಬಂಡೆಯಲ್ಲಿ ಒಲೆ ಹೊತ್ತಿದ ಹಾಗೆ ಕಂಡಿತು. ಆ ಕಾಲದ ಯಜಮಾನಿಗೆ ಈ ಕಾಲದವಳ ಅರಿಶಿನ ಕುಂಕುಮವಾಯಿತು ಎಂದುಕೊಂಡು ನಾನು ನಮಸ್ಕಾರ ಮಾಡಿದೆ. ದಂಡ ಏನೆಂದರೆ, ನಾನು ಕಿತ್ತ ಮರದ ಪಕ್ಕದಲ್ಲೇ ಅದರದ್ದೊಂದು ಮರಿ ಎದ್ದಿದೆ, ಮೊಣಕಾಲುದ್ದ. ಅದಕ್ಕೆ ಮಳೆ ಬರುವವರೆಗೆ ನೀರು ಹಾಕಬೇಕು. ಪ್ರತಿ ವಾರ. ನಾನೇ. "ಒಂದನ್ನು ಮುರಿದೆ, ಒಂದನ್ನು ಬದುಕಿಸು" ಎಂದಳು. ಒಂದೇ ಸಲ ಬಂದು ಹೋದರೆ ಸಾಕಪ್ಪಾ ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದ ನನ್ನ ಪ್ರಾರ್ಥನೆಗೆ ಶಿವ ಕೊಟ್ಟ ಉತ್ತರ ಇದು.

ಹಾಗಾಗಿ ಈ ಬೇಸಿಗೆಯ ಎಲ್ಲ ಭಾನುವಾರ, ದೆಹಲಿಯ ಜನ ಎ.ಸಿ. ಹಾಕಿಕೊಂಡು ಮಲಗಿದ್ದಾಗ, ನಾನು ಬೆನ್ನಿಗೆ ನೀರಿನ ಬಾಟಲಿ ಕಟ್ಟಿಕೊಂಡು ಆ ಕೊರಕಲಿನಲ್ಲಿದ್ದೆ. ಕಾಲುಂಗುರಕ್ಕೆ ಹತ್ತಿ ಸುತ್ತುವುದು ಎಷ್ಟು ಅಭ್ಯಾಸವಾಯಿತೆಂದರೆ ಈಗ ತರಕಾರಿಗೆ ಹೋಗುವಾಗಲೂ ಸುತ್ತಿಕೊಳ್ಳುತ್ತೇನೆ. ಕಾರು ಕಾಯುತ್ತಿದ್ದವರು ಏಪ್ರಿಲ್‌ನಲ್ಲಿ ಮೊದಲ ಬಂಡೆಯವರೆಗೆ ಬಂದರು, ಮೇ ತಿಂಗಳಲ್ಲಿ ಸೊಂಟದೆತ್ತರದ ಬಂಡೆಯವರೆಗೆ. ಅಲ್ಲಿ ಒಂದು ದಿನ ನಾನು ಮೇಲಿನಿಂದ ಕೈ ಚಾಚಿದೆ. "ನೀನು ಎಳೀತೀಯಾ ನನ್ನನ್ನ?" ಎಂದರು. "ಇಷ್ಟು ವರ್ಷ ಇನ್ನೇನು ಮಾಡಿದೆ ರೀ?" ಎಂದೆ. ಮೇಧಾ ಆಮೇಲೆ ಮೂರು ಗುಂಪು ಕರೆದುಕೊಂಡು ಬಂದಿದ್ದಾಳೆ, ಊರಿನ ಗಂಡಸರೂ ಈಗ ರಾಮ್ ರಾಮ್ ಎನ್ನುತ್ತಾರೆ. ಸಸಿಗೆ ಮಳೆ ಬಿದ್ದ ಮೇಲೆ ಆರು ಹೊಸ ಎಲೆ. ನನ್ನ ದಂಡ ಮುಗಿಯಿತು ಎಂದು ತಾಯಿ ಹೇಳಿಯಾಗಿದೆ. ನಾವಿನ್ನೂ ಹೋಗುತ್ತಿದ್ದೇವೆ. ಮನೆಯಲ್ಲಿ ದೇವರಿಗೆ ಬಾಲ್ಕನಿಯ ಕುಂಡದ ದಾಸವಾಳ, ಸೊಸೈಟಿಯಲ್ಲಿ ತಾನಾಗಿ ಬಿದ್ದ ಪಾರಿಜಾತ. ಕವರು ಡ್ರಾಯರಿನಲ್ಲಿದೆ. ಮಾಲಿ ಭಯ್ಯಾನಿಗೆ ಮಾತ್ರ ಇನ್ನೂ ನಂಬಿಕೆ ಬಂದಿಲ್ಲ, ನನ್ನನ್ನು ಕಂಡರೆ ಈಗಲೂ ಗಿಡದ ಮುಂದೆ ಬಂದು ನಿಲ್ಲುತ್ತಾನೆ.

ಆದರೆ ಕವರು ನೋಡಿ ನಾನು ನಕ್ಕದ್ದು ಇದಕ್ಕೆಲ್ಲ ಅಲ್ಲ. ದಂಡದ ಮೊದಲ ಭಾನುವಾರ ನೆನಪಾಗಿ.

ಅಂದು ಹೊತ್ತು ತಂದ ಎರಡು ಬಾಟಲಿ ನೀರನ್ನೂ ಭಕ್ತಿಯಿಂದ, ಅಭಿಷೇಕ ಮಾಡುವಂತೆ, ಸಸಿಯ ಬುಡಕ್ಕೆ ಸುರಿದೆ. ನೀರು ಬುಡದಲ್ಲಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಇಳಿಜಾರಿನ ಕಲ್ಲಿನ ಮೇಲೆ ಜುಳುಜುಳು ಎಂದು ಹರಿದು ಹಳ್ಳಕ್ಕೆ ಹೋಯಿತು. ಹಿಂದಿನಿಂದ ನೋಡುತ್ತಿದ್ದ ತಾಯಿ ಹಣೆ ಚಚ್ಚಿಕೊಂಡು, ಸೊಂಟದಿಂದ ಒಂದು ಖುರ್ಪಿ ತೆಗೆದು ನನ್ನ ಕೈಗಿಟ್ಟಳು. ಕಳೆ ಕೀಳುವ ಪುಟ್ಟ ಕಬ್ಬಿಣದ ಸಾಧನ. ಬುಡದ ಸುತ್ತ ಬೆರಳಿನಿಂದ ಗುಂಡಗೆ ಗೆರೆ ಎಳೆದು ತೋರಿಸಿ ಏನೋ ಹೇಳಿದಳು.

ನಾನು ಖುರ್ಪಿ ಹಿಡಿದು ಸುಮ್ಮನೆ ನಿಂತೆ. ಆ ಬನದಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎನ್ನುವುದರಲ್ಲಿ ನನಗೆ ನನ್ನ ಮೇಲೆ ನಂಬಿಕೆ ಹೋಗಿತ್ತು. "ಏನಂತೆ ಮೇಧಾ?" ಎಂದೆ.

ಮಗಳು ಬಂಡೆಯ ಮೇಲೆ ಕೂತಿದ್ದಳು. ಸ್ವಲ್ಪ ಹೊತ್ತು ಪದಕ್ಕಾಗಿ ಹುಡುಕಿದಳು. ಸಿಕ್ಕ ಕೂಡಲೇ ಅವಳ ಮುಖವೆಲ್ಲ ಅರಳಿತು.

"ತೋಡು ಅಂತಿದ್ದಾರೆ, ಅಮ್ಮಾ" ಎಂದಳು. "ನಿನ್ನ ತೋಡು."

ನಾನು ಮಂಡಿಯೂರಿ ಕೂತು ತೋಡಿದೆ.